ಟ್ರ್ಯಾಕ್ಟರಿನ ಸ್ಟೇರಿಂಗು ಸಡಿಲಾದಾಗ ದೋಷವನ್ನು ಕಂಡುಹಿಡಿಯುವ ಕ್ರಮ

ಧಾರವಾಡ ಜಿಲ್ಲೆಯ ಒಕ್ಕಲುತನದಲ್ಲಿ ಹಿಂದೆ ಚಕ್ಕಡಿಯು ಮಾಡುತ್ತಿದ್ದ ಕೆಲಸದ ಬಹುಭಾಗವನ್ನು ಈಗ ಟ್ರ್ಯಾಕ್ಟರು ಮಾಡುತ್ತಿರುವದು. ರಂಟೆ ಹೊಡೆಯುವದು, ಹರಗುವದು, ಬಿತ್ತುವದು ಇವು ಅದರ ಅರ್ಧ ಕೆಲಸವಾದರೆ, ಬೆಳೆದ ಮಾಲನ್ನು ಪೇಟೆಗೆ ಮುಟ್ಟಿಸುವದು ಇನ್ನರ್ಧ. ಕುಂದಗೋಳದ ಮೆಣಸಿನಕಾಯಿ, ನವಲಗುಂದ ಮತ್ತು ಅಣ್ಣಿಗೇರಿಯ ಕಡಲೆ, ಹೆಸರು, ಹತ್ತಿ, ಕಲಘಟಗಿಯ ಬತ್ತ, ಗೋವಿನಜೋಳ ಇವೆಲ್ಲ ಟ್ರೇಲರಿನಲ್ಲಿ ತುಂಬಿಕೊಂಡು ಹುಬ್ಬಳ್ಳಿಯ ಅಮರಗೋಳದ ಮಾರುಕಟ್ಟೆಗೋ ಸಮೀಪದ ಬೇರೆ ಪೇಟೆಗೋ ಹೋಗತಕ್ಕವು. ಹೊಲದಲ್ಲಿ ಸ್ಟೇರಿಂಗು ಒಂದಿಷ್ಟು ಸಡಿಲಿದ್ದರೆ ಸಾಲು ಡೊಂಕಾಗುವದು, ಅಷ್ಟೇ. ಅದೇ ಟ್ರ್ಯಾಕ್ಟರು ತುಂಬಿದ ಟ್ರೇಲರನ್ನು ಕಟ್ಟಿಕೊಂಡು ನವಲಗುಂದ, ಕಲಘಟಗಿಗಳ ಮೇಲೆ ಹಾಯ್ದ 52ನೆಯ ರಾಷ್ಟ್ರೀಯ ಹೆದ್ದಾರಿಯನ್ನಾಗಲಿ, ಅಣ್ಣಿಗೇರಿಯ ಮೇಲೆ ಹಾಯ್ದ 67ನೆಯ ಹೆದ್ದಾರಿಯನ್ನಾಗಲಿ ಏರಿದ ಮೇಲೆ ಮಾತು ಬೇರೆಯಾಗುವದು. ಅಲ್ಲಿ ಎದುರಿನಿಂದ ಬರುವ ಲಾರಿಗೂ ನಮ್ಮ ಗಾಲಿಗೂ ನಡುವೆ ಇರುವ ಜಾಗವು ಒಂದು ಮಾರಿಗಿಂತ ಹೆಚ್ಚಿರುವದಿಲ್ಲ. ಆ ಜಾಗವನ್ನು ಕಾಯುವದು ಸ್ಟೇರಿಂಗು.

ಸ್ಟೇರಿಂಗು ಸಡಿಲಾಯಿತೆಂದು ಕಂಡ ಕೂಡಲೆ ಸ್ಟೇರಿಂಗ್ ಬಾಕ್ಸಿನ ಮೇಲಿರುವ ಸ್ಕ್ರೂವನ್ನು ಬಿಗಿಮಾಡಿಸಿ ಕೆಲಸ ಮುಗಿಯಿತೆನ್ನುವ ರೂಢಿ ಅನೇಕ ಕಡೆಗಳಲ್ಲಿದೆ. ಇದರಿಂದ ಕೈಗೆ ಬಿಗಿಯಾದಂತೆ ತೋರುವದು ನಿಜ. ಆದರೆ ಕೆಳಗೆ ಸವೆದ ಕೀಲು ಸವೆದಂತೆಯೇ ಉಳಿಯುವದು, ಅದರ ಸುಳಿವು ಮಾತ್ರ ಮರೆಯಾಗುವದು. ಆದುದರಿಂದ ಈ ಪಾಠದ ಮುಖ್ಯ ಸೂತ್ರವನ್ನು ಮೊದಲೇ ಹೇಳಿಬಿಡುವದು ಒಳ್ಳೆಯದು: ದೋಷವನ್ನು ನೆಲದಿಂದ ಮೇಲಕ್ಕೆ ಹುಡುಕತಕ್ಕದ್ದು, ಸ್ಟೇರಿಂಗ್ ಬಾಕ್ಸನ್ನು ಎಲ್ಲಕ್ಕೂ ಕೊನೆಯಲ್ಲಿ ಮುಟ್ಟತಕ್ಕದ್ದು.

ಸ್ಟೇರಿಂಗಿನ ರಚನೆ

ಎರಡು ಗಾಲಿಯ ಚಕ್ಕಡಿಗೆ ಸ್ಟೇರಿಂಗು ಬೇಕಿಲ್ಲ. ಎತ್ತು ತಿರುಗಿದತ್ತ ಅಚ್ಚು ತಿರುಗುವದು. ನಾಲ್ಕು ಗಾಲಿಯ ಗಾಡಿಯಲ್ಲಿ ಮುಂದಿನ ಅಚ್ಚನ್ನೇ ನಡುವಿನ ಒಂದು ಕೀಲಿನ ಮೇಲೆ ತಿರುಗಿಸುವ ಪದ್ಧತಿ ಮೊದಲು ಇತ್ತು. ಅಚ್ಚನ್ನು ಹಾಗೆಯೇ ನಿಲ್ಲಿಸಿ, ಅದರ ಎರಡು ತುದಿಗಳಲ್ಲಿ ಒಂದೊಂದು ಕೀಲನ್ನಿಟ್ಟು, ಗಾಲಿಗಳನ್ನು ಮಾತ್ರ ತಿರುಗಿಸುವ ಉಪಾಯವನ್ನು ಜರ್ಮನಿಯ ಮ್ಯೂನಿಕ್ ಪಟ್ಟಣದ ಲ್ಯಾಂಕನ್‌ಸ್ಪರ್ಗರ್ ಎಂಬ ಗಾಡಿ ಕಟ್ಟುವವನು ಯೋಚಿಸಿದನು. ಅವನ ಪರವಾಗಿ ರುಡಾಲ್ಫ್ ಆಕರ್ಮನ್ ಎಂಬವನು 1818ರಲ್ಲಿ ಇಂಗ್ಲಂಡಿನಲ್ಲಿ ಅದಕ್ಕೆ ಪೇಟೆಂಟು ಪಡೆದನು. ಇಂದಿನ ಟ್ರ್ಯಾಕ್ಟರು, ಜೀಪು, ಕಾರುಗಳೆಲ್ಲ ಈ ತತ್ವದ ಮೇಲೆಯೇ ನಡೆಯುವವು.

ಚಾಲಕನ ಕೈಯಲ್ಲಿರುವದನ್ನು ಇಲ್ಲಿ ಸ್ಟೇರಿಂಗ್ ಚಕ್ರವೆಂದೂ, ನೆಲದ ಮೇಲೆ ಉರುಳುವದನ್ನು ಗಾಲಿಯೆಂದೂ ಕರೆಯುವೆವು. ಕೈಬಲದಿಂದ ತಿರುಗುವ ಟ್ರ್ಯಾಕ್ಟರಿನಲ್ಲಿ ಸ್ಟೇರಿಂಗ್ ಚಕ್ರದ ಕಂಬವು ಕೆಳಗಿನ ಸ್ಟೇರಿಂಗ್ ಬಾಕ್ಸಿನೊಳಗೆ ಹೋಗುವದು. ಬಾಕ್ಸಿನ ಹಲ್ಲುಗಳು ಡ್ರಾಪ್ ಆರ್ಮ್ ಎಂಬ ತೋಳನ್ನು ಹಿಂದೆ ಮುಂದೆ ಆಡಿಸುವವು. ಆ ತೋಳಿನಿಂದ ಡ್ರ್ಯಾಗ್ ಲಿಂಕ್ ಎಂಬ ಸರಳು ಮುಂದಿನ ಗಾಲಿಯ ತೋಳಿಗೆ ಹೋಗುವದು. ಎರಡು ಗಾಲಿಗಳ ತೋಳುಗಳನ್ನು ಟೈ ರಾಡ್ ಎಂಬ ಸರಳು ಕೂಡಿಸುವದು. ಸರಳುಗಳ ತುದಿಗಳಲ್ಲಿ ಗುಂಡಿನಾಕಾರದ ಬಾಲ್ ಜಾಯಿಂಟುಗಳಿರುವವು. ಗಾಲಿಯು ಬೇರಿಂಗಿನ ಮೇಲೆ ಉರುಳುವದು. ಕಿಂಗ್ ಪಿನ್ ಎಂಬ ನಿಂತ ಕೀಲಿನ ಮೇಲೆ ಎಡಕ್ಕೆ ಬಲಕ್ಕೆ ಹೊರಳುವದು.

ಈ ಸರಪಳಿಯಲ್ಲಿ ಕೀಲುಗಳು ಅನೇಕವಾಗಿರುವವೆಂಬದನ್ನು ಲಕ್ಷ್ಯದಲ್ಲಿಡಬೇಕು. ಬಾಕ್ಸಿನ ಪ್ರಮಾಣವು 20ಕ್ಕೆ 1, ಡ್ರಾಪ್ ಆರ್ಮಿನ ಉದ್ದವು 20 ಸೆಂಟಿಮೀಟರು, ಸ್ಟೇರಿಂಗ್ ಚಕ್ರದ ಅಡ್ಡಳತೆಯು 42 ಸೆಂಟಿಮೀಟರು ಎಂದು ಉದಾಹರಣೆಗಾಗಿ ಹಿಡಿಯೋಣ. ಆಗ ತೋಳಿನ ತುದಿಯಲ್ಲಿ ಕೇವಲ 1 ಮಿಲಿಮೀಟರು ಸವೆತವಿದ್ದರೆ, ಚಾಲಕನ ಕೈಯಲ್ಲಿ ಅದು ಸುಮಾರು 2 ಸೆಂಟಿಮೀಟರಾಗಿ ತೋರುವದು. ಇಂಥ ಐದು ಕೀಲುಗಳಲ್ಲಿ ಒಂದೊಂದು ಮಿಲಿಮೀಟರು ಸವೆದರೆ ಕೈಯಲ್ಲಿ 10 ಸೆಂಟಿಮೀಟರಾಯಿತು. ಯಾವದೊಂದು ಕೀಲೂ ಪೂರಾ ಕೆಡದೆ ಸ್ಟೇರಿಂಗು ಮಾತ್ರ ಪೂರಾ ಕೆಟ್ಟಂತೆ ಕಾಣುವದಕ್ಕೆ ಇದೇ ಕಾರಣ. ಒಂದನ್ನೇ ನೋಡಿ ಬಿಡದೆ ಎಲ್ಲವನ್ನೂ ಸಾಲಾಗಿ ನೋಡಬೇಕೆನ್ನುವದೂ ಇದರ ಸಲುವಾಗಿಯೇ.

ನಮ್ಮ ಮಣ್ಣು ಮಾಡುವ ಕೇಡು

ನವಲಗುಂದ, ಅಣ್ಣಿಗೇರಿ, ಕುಂದಗೋಳ ತಾಲೂಕುಗಳ ಎರೆ ಮಣ್ಣು ನೀರು ಕುಡಿದು ಉಬ್ಬುವದು, ಒಣಗಿ ಕುಗ್ಗಿ ಬಿರಿಯುವದು. ಮಳೆಗಾಲದಲ್ಲಿ ಅದು ಮುಂದಿನ ಅಚ್ಚಿಗೂ ಸರಳುಗಳಿಗೂ ಮೆತ್ತಿಕೊಂಡು, ಬಿಸಿಲಿಗೆ ಇಟ್ಟಂಗಿಯಂತೆ ಗಟ್ಟಿಯಾಗುವದು. ಆ ಗಟ್ಟಿ ಹೆಂಟೆಯು ಸ್ಟೇರಿಂಗ್ ತಿರುಗಿಸಿದ ಹಾಗೆಲ್ಲ ಬಾಲ್ ಜಾಯಿಂಟಿನ ರಬ್ಬರ್ ಟೊಪ್ಪಿಗೆಯನ್ನು ಉಜ್ಜಿ ಹರಿಯುವದು. ಹರಿದ ಟೊಪ್ಪಿಗೆಯೊಳಗೆ ನೀರು ಹೊಕ್ಕು ಗ್ರೀಸು ಹೊರಬೀಳುವದು. ಬೇಸಿಗೆಯಲ್ಲಿ ಅದೇ ದಾರಿಯಿಂದ ಧೂಳು ಹೊಕ್ಕು ಅರದಂತೆ ಕೀಲನ್ನು ತಿನ್ನುವದು. ಎರೆ ನೆಲದ ಮೇಲೆ ಹಾಕಿದ ರಸ್ತೆಗಳು ನೆಲ ಉಬ್ಬಿ ಕುಗ್ಗುವದರಿಂದ ಬೇಗನೆ ಅಲೆಅಲೆಯಾಗುವವು; ಅಲ್ಲಿಯ ಪೆಟ್ಟು ನೇರವಾಗಿ ಬೇರಿಂಗಿಗೂ ಕಿಂಗ್ ಪಿನ್ನಿಗೂ ಬೀಳುವದು. ಕಲಘಟಗಿಯ ಬತ್ತದ ಗದ್ದೆಗಳಲ್ಲಿ ಕೇಡಿನ ರೀತಿ ಬೇರೆ. ಅಲ್ಲಿ ಗಾಲಿಯ ನಡುಗುಂಬವು ರಾಡಿನೀರಿನಲ್ಲಿ ಮುಳುಗಿ ಕೆಲಸ ಮಾಡುವದರಿಂದ ಎಣ್ಣೆತಡೆಯ ಸೀಲು ಸೋತು, ನೀರು ಬೇರಿಂಗನ್ನು ಸೇರಿ ತುಕ್ಕು ಹಿಡಿಸುವದು.

ದೂರು ಯಾವ ಬಗೆಯದು?

ಪರೀಕ್ಷೆಗಿಂತ ಮೊದಲು ಚಾಲಕನನ್ನು ಸರಿಯಾಗಿ ವಿಚಾರಿಸಬೇಕು. "ಸ್ಟೇರಿಂಗ್ ಸರಿ ಇಲ್ಲ" ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ದೂರುಗಳು ಅಡಗಿರಬಹುದು.

ಒಂದನೆಯದು, ಸ್ಟೇರಿಂಗ್ ಚಕ್ರವನ್ನು ಒಂದಿಷ್ಟು ದೂರ ತಿರುಗಿಸಿದರೂ ಗಾಲಿ ಅಲುಗದಿರುವದು. ಮೇಸ್ತ್ರಿಗಳು ಇದನ್ನು ಪ್ಲೇ ಎನ್ನುವರು. ಇದು ಕೀಲುಗಳ ಸವೆತದಿಂದ ಬರುವದು.

ಎರಡನೆಯದು, ಒಮ್ಮೆ ಹಗುರ ಒಮ್ಮೆ ಬಿಗಿ, ಅಥವಾ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಎಳೆಯುವದು. ಟಾಯರುಗಳ ಗಾಳಿಯಲ್ಲಿ ಹೆಚ್ಚುಕಡಿಮೆ, ಗ್ರೀಸಿಲ್ಲದೆ ಕಚ್ಚುವ ಕಿಂಗ್ ಪಿನ್, ಎಣ್ಣೆಯಲ್ಲಿ ಗಾಳಿ ಸೇರಿದ ಪವರ್ ಸ್ಟೇರಿಂಗು ಇವು ಇದರ ಕಾರಣಗಳು. ಬ್ರೇಕು ಒತ್ತಿದಾಗ ಮಾತ್ರ ಎಳೆಯುವದಾದರೆ ದೋಷವು ಸ್ಟೇರಿಂಗಿನದೇ ಅಲ್ಲ. ಹೊಲದಲ್ಲಿ ಮುರುಕಿಗೆ ತಿರುಗಲಿಕ್ಕೆಂದು ಎಡ ಬಲದ ಬ್ರೇಕ್ ಪೆಡಲುಗಳನ್ನು ಬಿಡಿಸಿ, ರಸ್ತೆಗೆ ಬರುವಾಗ ಕೂಡಿಸುವ ಕೊಂಡಿಯನ್ನು ಹಾಕಲು ಮರೆತದ್ದೇ ಅನೇಕ ಸಲ ಕಾರಣವಾಗಿರುವದು.

ಮೂರನೆಯದು, ಬರಿದಾದ ಟ್ರ್ಯಾಕ್ಟರು ಸರಿಯಾಗಿದ್ದು, ಟ್ರೇಲರು ತುಂಬಿದಾಗ ಮಾತ್ರ ಮುಂಭಾಗ ತೇಲಿದಂತಾಗುವದು. ಇದಕ್ಕೆ ಯಾವ ಕೀಲೂ ಕಾರಣವಲ್ಲ; ಇದರ ವಿಚಾರವು ಮುಂದೆ ಬರುವದು.

ಸಡಿಲನ್ನು ಅಳೆಯುವದು

ಸಮನಾದ ಗಟ್ಟಿ ನೆಲದ ಮೇಲೆ ಟ್ರ್ಯಾಕ್ಟರನ್ನು ನಿಲ್ಲಿಸಿ, ಗಾಲಿಗಳನ್ನು ನೆಟ್ಟಗೆ ಮಾಡಿ, ಕೈಬ್ರೇಕು ಹಾಕಿ, ಹಿಂದಿನ ಗಾಲಿಗಳಿಗೆ ಕಟ್ಟಿಗೆಯ ತಡೆ ಕೊಡಬೇಕು. ಪವರ್ ಸ್ಟೇರಿಂಗು ಇದ್ದರೆ ಇಂಜಿನನ್ನು ಸಾವಕಾಶವಾಗಿ ನಡೆಯಗೊಡಬೇಕು, ಇಲ್ಲದಿದ್ದರೆ ನಿಲ್ಲಿಸಬೇಕು. ಸ್ಟೇರಿಂಗ್ ಚಕ್ರವನ್ನು ಎಡಕ್ಕೆ ಮೆಲ್ಲನೆ ತಿರುಗಿಸುತ್ತ, ಮುಂದಿನ ಗಾಲಿ ಅಲುಗಲು ಮೊದಲಾದ ಕ್ಷಣಕ್ಕೆ ನಿಲ್ಲಿಸಿ, ಚಕ್ರದ ಅಂಚಿನ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಬೇಕು. ಹಾಗೆಯೇ ಬಲಕ್ಕೆ ತಿರುಗಿಸಿ, ಅಲುಗಿದ ಕ್ಷಣಕ್ಕೆ ಎರಡನೆಯ ಗುರುತನ್ನು ಮೊದಲಿನ ಸ್ಥಾನದ ಎದುರಿಗೇ ಮಾಡಬೇಕು. ಎರಡು ಗುರುತುಗಳ ನಡುವಣ ಅಂತರವೇ ಸಡಿಲು.

1989ನೆಯ ಇಸವಿಯ ಕೇಂದ್ರ ಮೋಟಾರು ವಾಹನ ನಿಯಮಗಳ 98ನೆಯ ನಿಯಮದ ಮೇರೆಗೆ ಈ ಸಡಿಲು 30 ಅಂಶಗಳನ್ನು ಮೀರಕೂಡದು. 30 ಅಂಶವೆಂದರೆ ಪೂರ್ಣ ಸುತ್ತಿನ ಹನ್ನೆರಡನೆಯ ಒಂದು ಪಾಲು. ಚಕ್ರದ ಅಂಚಿನ ಸುತ್ತ ಒಂದು ದಾರವನ್ನು ಹಿಡಿದು ಕತ್ತರಿಸಿ, ಅದನ್ನು ಎರಡು ಸಲ ಅರ್ಧಕ್ಕೆ ಮಡಿಚಿ, ಅನಂತರ ಮೂರು ಪಾಲಾಗಿ ಮಡಿಚಿದರೆ ಆ ಅಳತೆ ಸಿಕ್ಕಿತು. 42 ಸೆಂಟಿಮೀಟರು ಅಡ್ಡಳತೆಯ ಚಕ್ರಕ್ಕೆ ಅದು 11 ಸೆಂಟಿಮೀಟರಾಗುವದು. ಇದು ಕಾಯಿದೆಯ ಕಡೆಯ ಗೆರೆ. ಯಂತ್ರವನ್ನು ಮಾಡಿದವರು ತಮ್ಮ ಕೈಪಿಡಿಯಲ್ಲಿ ಇದಕ್ಕಿಂತ ಬಹಳ ಕಡಿಮೆ ಅಳತೆಯನ್ನು ಕೊಟ್ಟಿರುವರು, ಅದನ್ನೇ ನಂಬಬೇಕು. ಅದೇ ನಿಯಮವು ಬಾಲ್ ಜಾಯಿಂಟುಗಳಿಗೆ ರಬ್ಬರ್ ಟೊಪ್ಪಿಗೆಗಳಿರಬೇಕೆಂದೂ, ಬೋಲ್ಟು ಪಿನ್ನುಗಳು ಕಳಚದಂತೆ ಭದ್ರವಾಗಿರಬೇಕೆಂದೂ ಹೇಳಿರುವದು. ಎರೆ ನಾಡಿನ ರೈತರಿಗೆ ಈ ಎರಡನೆಯ ಮಾತು ಮೊದಲನೆಯದರಷ್ಟೇ ಮಹತ್ವದ್ದು.

ನೆಲದಿಂದ ಮೇಲಕ್ಕೆ ಪರೀಕ್ಷೆ

ಪರೀಕ್ಷೆಗೆ ಇಬ್ಬರು ಬೇಕು. ಮೊದಲು ಅಚ್ಚು, ಸರಳುಗಳಿಗೆ ಮೆತ್ತಿದ ಮಣ್ಣನ್ನು ನೀರು ಹಾಕಿ ತೊಳೆದು ಒರಸಬೇಕು. ಮಣ್ಣಿನ ಕೆಳಗಿರುವ ಕೀಲಿನ ಸುಳ್ಳುನಿಜ ತಿಳಿಯದು.

1. ಟಾಯರು. ಎಡ ಬಲದ ಗಾಳಿಯನ್ನು ಅಳೆಯುವ ಸಾಧನದಿಂದಲೇ ನೋಡಬೇಕು. ಕಾಲಿನಿಂದ ಒದ್ದು ನೋಡುವದು ಪರೀಕ್ಷೆಯಲ್ಲ. ಎರಡೂ ಕಡೆಗೆ ಸಮನಾಗಿ, ಕೈಪಿಡಿಯಲ್ಲಿ ಹೇಳಿದಷ್ಟು ಇರಬೇಕು. ಟಾಯರಿನ ಒಂದೇ ಅಂಚು ಸವೆದಿದ್ದರೆ ಗಾಲಿಗಳ ನೇರವು ತಪ್ಪಿದೆಯೆಂದು ತಿಳಿಯಬೇಕು.

2. ಗಾಲಿಗಳ ನೇರ. ಎರಡು ಮುಂದಿನ ಗಾಲಿಗಳ ನಡುವಣ ಅಂತರವನ್ನು ನಡುಗುಂಬದ ಎತ್ತರದಲ್ಲಿ ಮುಂಭಾಗಕ್ಕೆ ಗುರುತು ಮಾಡಿ ಅಳೆಯಬೇಕು. ಟ್ರ್ಯಾಕ್ಟರನ್ನು ಅರ್ಧ ಸುತ್ತು ಮುಂದೆ ತಳ್ಳಿ, ಅದೇ ಗುರುತುಗಳು ಹಿಂಭಾಗಕ್ಕೆ ಬಂದಾಗ ಮತ್ತೆ ಅಳೆಯಬೇಕು. ಸಾಮಾನ್ಯವಾಗಿ ಮುಂದಿನ ಅಳತೆಯು ಹಿಂದಿನದಕ್ಕಿಂತ ಕೆಲವೇ ಮಿಲಿಮೀಟರು ಕಡಿಮೆ ಇರತಕ್ಕದ್ದು. ಎಷ್ಟೆಂಬದನ್ನು ಕೈಪಿಡಿ ಹೇಳುವದು. ಈ ಅಳತೆಯನ್ನು ಟೈ ರಾಡಿನಲ್ಲಿ ಸರಿಪಡಿಸುವರು. ಆದರೆ ಸವೆದ ಕೀಲುಗಳನ್ನು ಬದಲಿಸದೆ ಸರಿಪಡಿಸಿದರೆ ಅದು ನಿಲ್ಲುವದಿಲ್ಲ.

3. ಬೇರಿಂಗು ಮತ್ತು ಕಿಂಗ್ ಪಿನ್. ಅಚ್ಚನ್ನು ಜ್ಯಾಕಿನಿಂದ ಎತ್ತಬೇಕು. ಎರೆ ನೆಲದಲ್ಲಿ ಜ್ಯಾಕಿನ ಕೆಳಗೆ ಅಗಲವಾದ ಹಲಗೆಯಿಡದಿದ್ದರೆ ಅದು ಹೂತುಹೋಗುವದು. ಎತ್ತಿದ ಮೇಲೆ ಅಚ್ಚಿಗೆ ಗಟ್ಟಿ ಮರದ ದಿಮ್ಮಿಯನ್ನೋ ಕಬ್ಬಿಣದ ಸ್ಟ್ಯಾಂಡನ್ನೋ ಆಸರೆ ಕೊಡತಕ್ಕದ್ದು. ಇಟ್ಟಂಗಿ, ಕಲ್ಲುಗಳನ್ನು ನಂಬಿ ಕೆಳಗೆ ಕೈ ಹಾಕಕೂಡದು. ಗಾಲಿಯ ಮೇಲ್ತುದಿಯನ್ನೂ ಕೆಳತುದಿಯನ್ನೂ ಹಿಡಿದು ಒಳಗೆ ಹೊರಗೆ ಅಲುಗಿಸಬೇಕು. ಆಗ ನಡುಗುಂಬವು ತನ್ನ ಅಚ್ಚುತುದಿಯ ಮೇಲೆಯೇ ಅಲುಗಿದರೆ ಬೇರಿಂಗು ಸಡಿಲು. ಅಚ್ಚುತುದಿಯೂ ಕೂಡಿಯೇ ಅಲುಗಿದರೆ ಕಿಂಗ್ ಪಿನ್ನಿನ ಬುಷ್ ಸವೆದಿದೆ. ಗಾಲಿಯನ್ನು ಕೈಯಿಂದ ತಿರುವಿದಾಗ ಗರಗರ ಸಪ್ಪಳವಾದರೆ ಬೇರಿಂಗನ್ನು ಬಿಗಿಮಾಡಿ ಪ್ರಯೋಜನವಿಲ್ಲ, ಬದಲಿಸಬೇಕು.

4. ಟೈ ರಾಡಿನ ತುದಿಗಳು. ಗಾಲಿಯನ್ನು ಎಡ ಬಲದ ಬದಿಗಳಲ್ಲಿ ಹಿಡಿದು ಅಲುಗಿಸುತ್ತ, ಎರಡನೆಯವನು ಬಾಲ್ ಜಾಯಿಂಟಿನ ಮೇಲೆ ಬೆರಳಿಟ್ಟು ನೋಡಬೇಕು. ಸರಳಿಗಿಂತ ಮೊದಲು ಗಾಲಿ ಅಲುಗಿ, ಬೆರಳಿಗೆ ಟಿಕ್ಕೆಂದು ಬಡಿದರೆ ಆ ಕೀಲು ಸವೆದಿದೆ. ರಬ್ಬರು ಹರಿದಿದ್ದು ಕೀಲು ಇನ್ನೂ ಬಿಗಿಯಾಗಿದ್ದರೂ ಅದನ್ನು ಒಳ್ಳೆಯದೆಂದು ಬಿಡಕೂಡದು. ಬರುವ ಹಂಗಾಮಿನೊಳಗೆ ಅದು ಸವೆಯುವದು ನಿಶ್ಚಯ.

5. ನಡುವಿನ ಪಿನ್. ಮುಂದಿನ ಅಚ್ಚು ತೂಗಿಕೊಂಡಿರುವ ನಡುವಿನ ಪಿನ್ನು ಸವೆದರೆ ಇಡಿಯ ಅಚ್ಚೇ ಹಿಂದೆ ಮುಂದೆ ಸರಿಯುವದು. ಟ್ರ್ಯಾಕ್ಟರು ನೆಲದ ಮೇಲಿರುವಾಗಲೇ ಅಚ್ಚಿಗೂ ಅದರ ಆಧಾರಕ್ಕೂ ನಡುವೆ ಹಾರೆಯಿಟ್ಟು ಮೀಟಿ ನೋಡಬೇಕು. ಈ ದೋಷವನ್ನು ಬಹಳ ಜನ ನೋಡುವದೇ ಇಲ್ಲ.

6. ಡ್ರ್ಯಾಗ್ ಲಿಂಕ್, ಡ್ರಾಪ್ ಆರ್ಮ್. ಗಾಲಿಗಳನ್ನು ನೆಲಕ್ಕಿಳಿಸಿ, ಒಬ್ಬನು ಸ್ಟೇರಿಂಗ್ ಚಕ್ರವನ್ನು ಗೇಣಿನಷ್ಟು ಎಡಕ್ಕೆ ಬಲಕ್ಕೆ ಆಡಿಸುತ್ತಿರಲು, ಇನ್ನೊಬ್ಬನು ಚಲನೆಯು ಯಾವ ಕೀಲಿನ ತನಕ ಬಂದು ಎಲ್ಲಿ ನಿಲ್ಲುವದೆಂಬದನ್ನು ನೋಡಬೇಕು. ಎಲ್ಲಿ ನಿಂತಿತೋ ಅಲ್ಲಿಯೇ ಕಳ್ಳನು ಇರುವನು. ಡ್ರಾಪ್ ಆರ್ಮಿನ ನಟ್ಟು ಸಡಿಲಿದೆಯೇ, ಸ್ಪ್ಲಿಟ್ ಪಿನ್ನುಗಳು ಸ್ಥಾನದಲ್ಲಿವೆಯೇ ನೋಡಬೇಕು. ಚಕ್ಕಡಿಗೆ ಕಡಾಣಿ ಹೇಗೋ ಬಾಲ್ ಜಾಯಿಂಟಿನ ನಟ್ಟಿಗೆ ಸ್ಪ್ಲಿಟ್ ಪಿನ್ನು ಹಾಗೆ. ಹಳೆಯದನ್ನು ಬಡಿದು ನೆಟ್ಟಗೆ ಮಾಡಿ ಮತ್ತೆ ಹಾಕಕೂಡದು, ಅದರ ಬದಲು ತಂತಿಯನ್ನೂ ಸುತ್ತಕೂಡದು.

7. ಸ್ಟೇರಿಂಗ್ ಬಾಕ್ಸು. ಬಾಕ್ಸನ್ನು ಹಿಡಿದಿರುವ ಬೋಲ್ಟುಗಳು ಸಡಿಲಿದ್ದರೆ ಚಕ್ರ ತಿರುಗಿಸಿದಾಗ ಬಾಕ್ಸೇ ಅಲುಗುವದು. ಮೊದಲು ಅವನ್ನು ಬಿಗಿಮಾಡಬೇಕು. ಆಮೇಲೆ ಎಣ್ಣೆಯ ಮಟ್ಟವನ್ನು ನೋಡಬೇಕು. ಇಷ್ಟೆಲ್ಲ ಸರಿಯಿದ್ದು, ಸ್ಟೇರಿಂಗ್ ಚಕ್ರ ತಿರುಗಿದರೂ ಡ್ರಾಪ್ ಆರ್ಮ್ ತಿರುಗದಿದ್ದರೆ ಮಾತ್ರ ದೋಷವು ಬಾಕ್ಸಿನ ಒಳಗಿದೆ. ಬಾಕ್ಸಿನ ಹಲ್ಲುಗಳು ನೆಟ್ಟಗೆ ಹೋಗುವ ಸ್ಥಾನದಲ್ಲಿಯೇ ಹೆಚ್ಚು ಸವೆಯುವವು. ಆ ನಡುವಿನ ಸವೆತಕ್ಕೆ ಸರಿಯಾಗಿ ಸ್ಕ್ರೂವನ್ನು ಬಿಗಿದರೆ, ಸವೆಯದ ಎಡ ಬಲದ ಹಲ್ಲುಗಳು ಕಚ್ಚಿಕೊಳ್ಳುವವು. ಮುರುಕಿಯಲ್ಲಿ ತಿರುಗಿಸಿದ ಚಕ್ರವು ಮರಳಿ ನೆಟ್ಟಗಾಗುವದಿಲ್ಲ. ಸಡಿಲಿಗಿಂತ ಈ ಕಚ್ಚುವಿಕೆ ಹೆಚ್ಚು ಘಾತಕವಾದದ್ದು. ಈ ಕೆಲಸವನ್ನು ಬಲ್ಲ ಮೇಸ್ತ್ರಿಯಿಂದ, ಕೈಪಿಡಿಯ ಪ್ರಕಾರವೇ ಮಾಡಿಸತಕ್ಕದ್ದು.

ಪವರ್ ಸ್ಟೇರಿಂಗಿನ ವಿಶೇಷ

ಇತ್ತೀಚಿನ ಅನೇಕ ಟ್ರ್ಯಾಕ್ಟರುಗಳಲ್ಲಿ ಸ್ಟೇರಿಂಗ್ ಚಕ್ರಕ್ಕೂ ಗಾಲಿಗೂ ನಡುವೆ ಸರಳೇ ಇರುವದಿಲ್ಲ. ಒತ್ತಡದ ಎಣ್ಣೆಯು ನಳಿಕೆಗಳ ಮೂಲಕ ಹೋಗಿ ಸಿಲಿಂಡರಿನಿಂದ ಗಾಲಿಗಳನ್ನು ತಿರುಗಿಸುವದು. ಇಲ್ಲಿ ಮೊದಲು ನೋಡತಕ್ಕದ್ದು ಎಣ್ಣೆ. ಮಟ್ಟ ಇಳಿದಿದ್ದರೆ ಅಥವಾ ಎಣ್ಣೆಯಲ್ಲಿ ನೊರೆ ಕಂಡರೆ ಗಾಳಿ ಸೇರಿದೆ. ಸ್ಟೇರಿಂಗು ಒಮ್ಮೆ ಕೇಳಿ ಒಮ್ಮೆ ಕೇಳದಂತಾಗುವದು ಇದರಿಂದಲೇ. ಗಾಲಿಗಳನ್ನು ಒಂದು ಬದಿಗೆ ಪೂರಾ ತಿರುಗಿಸಿ ಚಕ್ರವನ್ನು ಅರೆಕ್ಷಣ ಒತ್ತಿ ಹಿಡಿದಾಗ, ಅದು ನಿಲ್ಲದೆ ಸುಲಭವಾಗಿ ತಿರುಗುತ್ತಲೇ ಹೋದರೆ ಎಣ್ಣೆಯು ಒಳಗೊಳಗೇ ಸೋರುತ್ತಿದೆ. ಇಂಜಿನು ನಡೆಯುತ್ತಿರುವಾಗ ಈ ಪರೀಕ್ಷೆ ಮಾಡುವದರಿಂದ ಕೆಳಗಿರುವವನು ಕಣ್ಣಿನಿಂದ ನೋಡತಕ್ಕದ್ದು; ಸರಳು ಸಿಲಿಂಡರುಗಳ ನಡುವೆ ಕೈ ಹಾಕಕೂಡದು. ಟಾಯರು, ಬೇರಿಂಗು, ಕಿಂಗ್ ಪಿನ್, ಬಾಲ್ ಜಾಯಿಂಟುಗಳ ಪರೀಕ್ಷೆ ಇಲ್ಲಿಯೂ ಹಿಂದೆ ಹೇಳಿದಂತೆಯೇ.

ಸವೆತವಿಲ್ಲದ ಸಡಿಲು

ಟ್ರ್ಯಾಕ್ಟರು ತಿರುಗುವದು ಮುಂದಿನ ಗಾಲಿಗಳ ಮೇಲೆ ಭಾರವಿದ್ದರೆ ಮಾತ್ರ. ಟ್ರ್ಯಾಕ್ಟರಿನ ತೂಕದ ಐದನೆಯ ಒಂದು ಪಾಲಾದರೂ ಮುಂದಿನ ಅಚ್ಚಿನ ಮೇಲೆ ಉಳಿಯಬೇಕೆಂಬುದು ಸಾಮಾನ್ಯವಾಗಿ ಒಪ್ಪಿದ ಅಳತೆ. ಟ್ರೇಲರಿನ ಮುಂಭಾಗಕ್ಕೆ ಹೇರು ಹೆಚ್ಚಾದರೆ ಕೊಂಡಿಯು ಟ್ರ್ಯಾಕ್ಟರಿನ ಬೆನ್ನನ್ನು ಒತ್ತಿ ಮುಖವನ್ನು ಎತ್ತುವದು. ಬೆಣ್ಣಿಹಳ್ಳದಂಥ ಹಳ್ಳದ ಇಳಕಲಿನಿಂದ ಮೇಲೇರುವಾಗ, ಕಲಘಟಗಿಯ ಏರುಗಳಲ್ಲಿ, ಈ ಎತ್ತುವಿಕೆ ಇನ್ನೂ ಹೆಚ್ಚುವದು. ಆಗ ಎಲ್ಲ ಕೀಲುಗಳೂ ಹೊಸದಾಗಿದ್ದರೂ ಸ್ಟೇರಿಂಗು ಕೇಳುವದಿಲ್ಲ. ಇದಕ್ಕೆ ಔಷಧವು ಮೇಸ್ತ್ರಿಯ ಹತ್ತರ ಇಲ್ಲ, ಹೇರುವವನ ಕೈಯಲ್ಲಿದೆ. ಹೇರನ್ನು ಟ್ರೇಲರಿನ ಶಕ್ತಿಗೆ ತಕ್ಕಷ್ಟೇ ಇಡುವದು, ಅದನ್ನು ಅಚ್ಚಿನ ಎರಡೂ ಕಡೆಗೆ ಸಮನಾಗಿ ಹರಡುವದು, ತಯಾರಕರು ಹೇಳಿದ ತೂಕದ ಬಿಲ್ಲೆಗಳನ್ನು ಮುಂದೆ ಕಟ್ಟುವದು, ಟ್ರೇಲರನ್ನು ಗೊತ್ತುಪಡಿಸಿದ ಕೊಂಡಿಗಲ್ಲದೆ ಮೇಲಿನ ಲಿಂಕಿಗೆ ಎಂದೂ ಕಟ್ಟದಿರುವದು ಇವೇ ಉಪಾಯಗಳು. ಆಳುಗಳನ್ನು ಹೇರಿನ ಮೇಲೆ ಕೂಡ್ರಿಸಿ ಒಯ್ಯುವದು ಕಾಯಿದೆಗೆ ವಿರುದ್ಧ. ಟ್ರ್ಯಾಕ್ಟರು ತಪ್ಪಿದರೆ ಮೊದಲು ಬೀಳತಕ್ಕವರು ಅವರೇ.

ಜೀಪು, ಕಾರುಗಳಲ್ಲಿ

ಮನೆಯಲ್ಲಿ ಜೀಪೋ ಕಾರೋ ಇದ್ದವರು ಇದೇ ಕ್ರಮವನ್ನು ಅನುಸರಿಸಬಹುದು. ಕಾರಿನ ಮುಂದಿನ ಗಾಲಿಗಳಿಗೆ ಬ್ರೇಕು ಇರುವದರಿಂದ ಒಂದು ಸುಲಭ ಪರೀಕ್ಷೆ ಹೆಚ್ಚಿಗೆ ಉಂಟು: ಎತ್ತಿದ ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸುವಾಗ ಒಬ್ಬನು ಬ್ರೇಕನ್ನು ಒತ್ತಲಿ. ಅಲುಗಾಟ ನಿಂತರೆ ಬೇರಿಂಗಿನ ದೋಷ. ನಿಲ್ಲದಿದ್ದರೆ ಬಾಲ್ ಜಾಯಿಂಟಿನದು. ಕಾರುಗಳಲ್ಲಿ ಬಾಕ್ಸಿನ ಬದಲು ಬಹುತರ ರ್‍ಯಾಕ್ ಎಂಬ ಹಲ್ಲಿನ ದಂಡ ಇರುವದು. ಅದರ ಎರಡು ತುದಿಯ ರಬ್ಬರ್ ಚೀಲಗಳು ಹರಿದಿವೆಯೇ ಎಂಬದನ್ನೂ, ಕೆಳತೋಳಿನ ಬುಷ್‌ಗಳನ್ನೂ ನೋಡಬೇಕು.

ಜೋಪಾನ

ಹಿರಿಯರು ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಹಾಕದೆ ದಾರಿ ಹಿಡಿಯುತ್ತಿರಲಿಲ್ಲ. ಟ್ರ್ಯಾಕ್ಟರಿಗೂ ಅದೇ ನೇಮ ಸಲ್ಲುವದು. ರಾಡಿಯ ಕೆಲಸವಿದ್ದ ದಿನ ಸಂಜೆಗೆ ಮಣ್ಣು ತೊಳೆದು, ನಿಪ್ಪಲನ್ನು ಒರಸಿ, ಹಳೆಯ ಗ್ರೀಸು ಹೊರಬರುವ ತನಕ ಹೊಸದನ್ನು ಒತ್ತಬೇಕು. ಕಿಂಗ್ ಪಿನ್ನಿಗೆ ಅಚ್ಚನ್ನು ಎತ್ತಿ ಗ್ರೀಸು ಹೊಡೆದರೆ ಭಾರ ಬೀಳುವ ಸ್ಥಳಕ್ಕೂ ಅದು ಮುಟ್ಟುವದು. ಪೂರ್ಣ ಪರೀಕ್ಷೆಯನ್ನು ವರ್ಷಕ್ಕೆ ಎರಡು ಸಲ ಮಾಡತಕ್ಕದ್ದು: ಮುಂಗಾರಿಗೆ ಮೊದಲು ಒಮ್ಮೆ, ಹಿಂಗಾರಿನ ಬಿತ್ತಿಗೆ ಮುಗಿದು ಮಾಲು ಸಾಗಿಸುವ ಮೊದಲು ಒಮ್ಮೆ. ಕಾರಹುಣ್ಣಿಮೆಗೆ ಎತ್ತಿನ ಗೊರಸು, ಕೊಂಬು, ಹೆಗಲುಗಳನ್ನು ನೋಡುವ ಮನೆಗಳಲ್ಲಿ ಅಂದೇ ಟ್ರ್ಯಾಕ್ಟರಿನ ಕೀಲುಗಳನ್ನೂ ನೋಡಿದರೆ ಮರೆಯುವ ಪ್ರಸಂಗ ಬಾರದು. ಬಾಡಿಗೆಯ ಟ್ರ್ಯಾಕ್ಟರನ್ನು ಹಲವು ಜನ ನಡೆಸುವದರಿಂದ ಅದರ ಸಡಿಲಿನ ಅಳತೆಯನ್ನು ತಾರೀಖು ಸಹಿತ ಒಂದು ವಹಿಯಲ್ಲಿ ಬರೆದಿಡುವದು ಅವಶ್ಯ. ಕಳೆದ ಸಲ 4 ಸೆಂಟಿಮೀಟರು ಇದ್ದದ್ದು ಈ ಸಲ 7 ಆಗಿದ್ದರೆ ಅದನ್ನು ವಹಿಯೇ ಹೇಳುವದು.

ಕೆಳಗಿನ ಯಾವದೊಂದು ಕಂಡರೂ ವಾಹನವನ್ನು ಅಲ್ಲಿಯೇ ನಿಲ್ಲಿಸತಕ್ಕದ್ದು. ನಿಧಾನವಾಗಿ ಮನೆಯ ತನಕ ಒಯ್ಯುವೆನೆಂಬ ವಿಚಾರವನ್ನು ಮಾಡಕೂಡದು: ಸಡಿಲು ಒಮ್ಮೆಲೆ ಹೆಚ್ಚಾದದ್ದು. ಬಾಲ್ ಜಾಯಿಂಟಿನ ನಟ್ಟಾಗಲಿ ಸ್ಪ್ಲಿಟ್ ಪಿನ್ನಾಗಲಿ ಇಲ್ಲದ್ದು. ತಿರುಗಿಸಿದ ಚಕ್ರವು ಕಚ್ಚಿಕೊಂಡು ಮರಳದಿರುವದು. ಸರಳು ಬಾಗಿದ್ದು ಅಥವಾ ಬಿರುಕು ಬಿಟ್ಟದ್ದು. ಬಾಗಿದ ಸರಳನ್ನು ಕಮ್ಮಾರಸಾಲೆಯಲ್ಲಿ ಕಾಯಿಸಿ ನೆಟ್ಟಗೆ ಮಾಡಿಸುವದಾಗಲಿ, ಬೆಸುಗೆ ಹಾಕಿಸುವದಾಗಲಿ ಸಲ್ಲದು. ಕಾಯಿಸಿದ ಉಕ್ಕು ತನ್ನ ಗಟ್ಟಿತನವನ್ನು ಕಳೆದುಕೊಂಡಿರುವದು.

ಈ ಪರೀಕ್ಷೆಗೆ ಬೇಕಾದದ್ದು ಒಂದು ಜ್ಯಾಕು, ಒಂದು ಹಾರೆ, ಒಂದು ದಾರ, ಒಂದು ತುಂಡು ಸೀಮೆಸುಣ್ಣ, ಇಬ್ಬರ ಒಂದು ತಾಸಿನ ದುಡಿತ. ರೈತ ಬಂಧುಗಳು ಬರುವ ಹಂಗಾಮಿನ ಮಾಲನ್ನು ಹೇರುವ ಮೊದಲು ಆ ಒಂದು ತಾಸನ್ನು ತೆಗೆದಿಡುವರೆಂದು ನಂಬಿರುವೆವು.